ಕುಲುಮೆಯ ಹೊರಗಿದ್ದ ಇಕ್ಕಳ

ನಮ್ಮ ಭಾವನಿಗೆ ಕಾರ್ಖಾನೆಯಲ್ಲಿ ಎಮ್ಮೆಚರ್ಮ ಅಂತ ಹೆಸರು. ಅಕ್ಕನ ಗಂಡ ಎಂಬ ಮರ್ಯಾದೆಗೆ ನಾನು ಹಾಗೆ ಕರೆಯುತ್ತಿರಲಿಲ್ಲ. ಸಿಟ್ಟು ಬಂದಾಗ ಮಾತ್ರ ಕರೆಯುತ್ತಿದ್ದೆ. ಅಂದರೆ ದಿನಾ.

ಲೋಹ ಪರೀಕ್ಷೆಯ ಕೋಣೆಯಲ್ಲಿ ನಮ್ಮಿಬ್ಬರ ಕೆಲಸ. ಬೆರಳುದ್ದದ ಉಕ್ಕಿನ ತುಂಡು, ನಡುವೆ ಒಂದು ಕಚ್ಚು. ಭಾವ ಅದನ್ನು ಕುಲುಮೆಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಂದು, ಆರುವ ಮೊದಲೇ ಯಂತ್ರದ ಮೇಲೆ ಕೂರಿಸಬೇಕು. ನಾನು ಮೇಲೆ ತೂಗುಬಿಟ್ಟ ಸುತ್ತಿಗೆಯ ಕೊಂಡಿ ಕಳಚಬೇಕು. ಒಂದೇ ಏಟು. ತುಂಡು ಎಷ್ಟು ಹೊಡೆತ ತಡೆಯಿತೆಂದು ಮುಳ್ಳು ತೋರಿಸುತ್ತದೆ.

ಇಕ್ಕಳವೂ ತುಂಡಿನ ಜೊತೆ ಕುಲುಮೆಯಲ್ಲೇ ಕಾಯಬೇಕು. ತಣ್ಣನೆಯ ಇಕ್ಕಳ ತುಂಡಿನ ಬಿಸಿ ಹೀರಿಬಿಡುತ್ತದೆ, ಒಳ್ಳೆ ಉಕ್ಕೂ ಬೇಗ ಮುರಿಯುತ್ತದೆ. ನನಗೆ ಇದನ್ನು ಕಲಿಸಿದವನೇ ಭಾವ. "ನನ್ನ ಕೈಗೆ ಬಿಸಿ ಅನ್ನೋದೇ ಗೊತ್ತಿಲ್ಲ ಕಣೋ" ಎಂದು, ಕೈಗವಸು ಹಾಕಿಕೊಂಡೇ ಜಂಬ ಕೊಚ್ಚುತ್ತಿದ್ದ.

ಆವತ್ತು ಉಕ್ಕು ಬಡಿಯುವ ಸಣ್ಣ ಶೆಡ್ಡಿನ ಮುದುಕನೊಬ್ಬ ತನ್ನ ತುಂಡುಗಳನ್ನು ಕೊಟ್ಟು ಎದುರಿನ ಬೆಂಚಿನಲ್ಲಿ ಕೂತಿದ್ದ. ಪರೀಕ್ಷೆ ಪಾಸಾಗದಿದ್ದರೆ ಅವನ ಮಾಲೆಲ್ಲ ಗುಜರಿಗೆ. ಮೊದಲನೆಯ ತುಂಡು ಬಿಸ್ಕತ್ತಿನಂತೆ ಮುರಿಯಿತು. ಎರಡನೆಯದೂ ಹಾಗೇ.

"ನಮ್ಮ ಉಕ್ಕು ಹಿಂಗೆ ಮುರಿಯೋದಲ್ಲಣ್ಣಾ" ಅಂದ ಮುದುಕ.

ನನಗೆ ಪಿತ್ತ ನೆತ್ತಿಗೇರಿತು. "ಉಕ್ಕೋ ಇಟ್ಟಿಗೆಯೋ ಇದು? ಈ ವಯಸ್ಸಲ್ಲಿ ಮೋಸ ಮಾಡೋಕೆ ನಾಚ್ಕೆ ಆಗಲ್ವಾ?"

ಮುದುಕ ತಲೆ ತಗ್ಗಿಸಿದ. ಮೂರನೆಯ ತುಂಡು ತೆಗೆಯಲು ಹೋಗಿದ್ದ ಭಾವ ಕುಲುಮೆಯ ಮುಂದೆ ನಿಂತುಬಿಟ್ಟ.

"ನಿಲ್ಸೋ. ಮೋಸ ಅವ್ರದಲ್ಲ. ಇಕ್ಕಳ ನಾನು ಒಳಗೇ ಇಟ್ಟಿಲ್ಲ."

ಕೈಗವಸು ಕಳಚಿದ. ಅಂಗೈ ಬೊಬ್ಬೆ ಒಡೆದು ಹಸಿಹಸಿಯಾಗಿತ್ತು. ಕಾದ ಇಕ್ಕಳ ಹಿಡಿಯುವ ಕೈ ಅದಲ್ಲ.

"ಹೇಳ್ಬಾರ್ದಾ ಭಾವ?"

"ಹೇಳಿದ್ರೆ? ಎಮ್ಮೆಚರ್ಮ ಸುಟ್ಕೊಂಡ ಅಂತ ನೀನೇ ಮೊದ್ಲು ಡಂಗುರ ಹೊಡೀತಿದ್ದೆ."

ಹೊಡೆಯುತ್ತಿದ್ದೆ. ಸುಳ್ಳೇನಲ್ಲ.

ಇಕ್ಕಳ ಒಳಗಿಟ್ಟು ಕಾಯಿಸಿ ನಾನೇ ಹಿಡಿದೆ. ಗವಸಿನೊಳಗೂ ಅಂಗೈ ಚುರ್ ಎಂದಿತು, ಬಾಯಿ ಬಿಡಲಿಲ್ಲ. ಭಾವ ಎಡಗೈಯಲ್ಲಿ ಸುತ್ತಿಗೆ ಬಿಟ್ಟ. ತುಂಡು ಮುರಿಯಲಿಲ್ಲ, ಬಾಗಿ ಆಚೆ ಬಿತ್ತು. ಮುಳ್ಳು ಬೇಕಾದ ಗೆರೆಯನ್ನು ದಾಟಿ ನಿಂತಿತು. ಮಾಲು ಉಳಿಯಿತು.

ಮುದುಕ ಮುಳ್ಳಿನ ಕಡೆ ನೋಡಲೇ ಇಲ್ಲ. "ಆ ಕೈಗೆ ಏನಾದ್ರೂ ಹಚ್ಕೊಂಡ್ಯೇನಪ್ಪಾ?" ಎಂದು ಭಾವನನ್ನು ಕೇಳಿದರು. ಅದನ್ನು ನಾನು ಕೇಳಬೇಕಿತ್ತು.

ತಪ್ಪಾಯ್ತು ಅನ್ನಲು ಬಾಯಿ ತೆರೆದೆ. ಬಂದದ್ದು, "ಕೂತ್ಕೊಳ್ಳಿ ಯಜಮಾನ್ರೇ."

ಅವರು ಬೆಳಗಿನಿಂದ ಕೂತೇ ಇದ್ದರು.