ಮಾವಶಿಯ ಕೀಬೋರ್ಡು, ಮಾಲಕರ ಫೇಟಾ

ಚಿಕ್ಕೋಡಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಗಣಕವಿಜ್ಞಾನ ಕಲಿಸುತ್ತೇನೆ. ಕಳೆದ ವರ್ಷ ನಮ್ಮ ವಿಭಾಗದವರು ಗಣಕ ಲೋಕದ ಪ್ರವರ್ತಕರನ್ನು ನೆನೆಯುವ ಒಂದು ಕಾರ್ಯಕ್ರಮ ಇಟ್ಟುಕೊಂಡರು. ಜಗತ್ತಿನ ಪ್ರವರ್ತಕರ ಬಗ್ಗೆ ನಾನು ಮಾತಾಡಬೇಕು, ಆಮೇಲೆ ನಮ್ಮ ಭಾಗದ ಒಬ್ಬ ಪ್ರವರ್ತಕರಿಗೆ ಸತ್ಕಾರ. ಯಾರನ್ನು ಕರೆಯೋಣ ಎಂಬ ಪ್ರಶ್ನೆ ಬಂದಾಗ ನಾನು ನನ್ನ ಮಾವಶಿಯ, ಅಂದರೆ ತಾಯಿಯ ತಂಗಿಯ, ಹೆಸರು ಹೇಳಿದೆ. ಮನೆಯ ಸಂಗತಿಯನ್ನು ಕಾಲೇಜಿಗೆ ತರುವ ಅಭ್ಯಾಸ ನನಗಿಲ್ಲ. ಅಂದು ಮಾತ್ರ ತಂದಿದ್ದೆ, ಏಕೆಂದರೆ ಆ ಹೆಸರಿಗೆ ಆಧಾರವಿತ್ತು.

ಗಂಡ ತೀರಿಕೊಂಡ ಮೇಲೆ ಮಾವಶಿ ನಿಪ್ಪಾಣಿಯ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ನಮ್ಮ ಕಡೆಯ ಲಗ್ನಪತ್ರಿಕೆಗಳು ಎರಡು ಭಾಷೆಯವು. ಹುಡುಗಿ ಸದಲಗಾದವಳು, ಹುಡುಗ ಕೊಲ್ಲಾಪುರದ ಕಡೆಯವನು ಎಂದರೆ ಒಂದು ಮಗ್ಗಲು ಕನ್ನಡ, ಇನ್ನೊಂದು ಮಗ್ಗಲು ಮರಾಠಿ. ಪ್ರೆಸ್ಸಿಗೆ ಕಂಪ್ಯೂಟರ್ ಬಂದಾಗ ಕನ್ನಡದ ಅಕ್ಷರಗಳು ಒಂದು ಕಂಪನಿಯವು, ಮರಾಠಿಯವು ಇನ್ನೊಂದರವು. ಕನ್ನಡದಲ್ಲಿ 'ಕ' ಕೊಡುವ ಕೀಲಿ ಮರಾಠಿಯಲ್ಲಿ ಬೇರೆಯೇ ಅಕ್ಷರ ಕೊಡುತ್ತಿತ್ತು. ಬೆರಳುಗಳು ಗೊಂದಲಕ್ಕೆ ಬಿದ್ದು, ಮದುಮಗನ ಹೆಸರೇ ಕೆಟ್ಟ ಪತ್ರಿಕೆಗಳು ಅಚ್ಚಾಗಿ ವಾಪಸು ಬರುತ್ತಿದ್ದವಂತೆ. ಮಾವಶಿ ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೈಪಿಡಿ ಓದಿದಳು. ಊಟದ ಬಿಡುವಿನಲ್ಲಿ ಕೂತು ಎರಡೂ ಭಾಷೆಯ ಅಕ್ಷರಗಳ ಜಾಗ ಬದಲಿಸಿದಳು. ಒಂದೇ ಉಚ್ಚಾರ, ಒಂದೇ ಕೀಲಿ. ಭಾಷೆ ಯಾವುದಾದರೂ ಬೆರಳು ಹೋಗುವ ಜಾಗ ಒಂದೇ. ಇದೇ ಯೋಚನೆ ದೂರದ ದೊಡ್ಡ ಸಂಸ್ಥೆಗಳಲ್ಲಿ ಬೇರೆಯವರಿಗೂ ಹೊಳೆದಿತ್ತು ಎಂದು ನಾನು ಮುಂದೆ ಓದಿ ತಿಳಿದೆ. ಅವಳಿಗೆ ಅದು ಗೊತ್ತಿರಲಿಲ್ಲ. ಅವಳು ಸ್ವಂತ ತಲೆಯಿಂದ ಅಲ್ಲಿಗೆ ಮುಟ್ಟಿದ್ದಳು.

ರಾಯಬಾಗ, ಅಥಣಿ, ಕಾಗವಾಡದ ಪ್ರೆಸ್ಸಿನವರು ಫ್ಲಾಪಿ ಹಿಡಿದು ಬಂದು ಈ ಹೊಸ ಕೀಬೋರ್ಡ್ ಜೋಡಣೆಯನ್ನು ಒಯ್ದರು. ಕಲಿಯಲು ಬಂದ ಹುಡುಗ ಹುಡುಗಿಯರಿಗೆ ಮಾವಶಿಯೇ ಕಲಿಸಿದಳು. ಆದರೆ ಆ ಕೀಬೋರ್ಡಿಗೆ ಹೆಸರು ಬಿದ್ದದ್ದು ಪ್ರೆಸ್ಸಿನ ಮಾಲಕರದು. ಯಂತ್ರ ಅವರದು, ಹಾಗಾಗಿ ಯಂತ್ರದೊಳಗಿನ ಬುದ್ಧಿಯೂ ಅವರದೇ ಎಂದಾಯಿತು.

ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಎಲ್ಲರೂ ಒಪ್ಪಿದರು. ಮಾವಶಿಗೆ ಫೋನು ಮಾಡಿದರೆ ನಕ್ಕಳು. "ನನಗೇನ ಸತ್ಕಾರಬೇ? ಲಗ್ನಪತ್ರಿಕಿ ಮಾಡಿದ್ದಕ್ಕ?" ಅಂದಳು. ಆದರೂ ಹೊಸ ಸೀರೆಗೆ ಫಾಲ್ ಹಚ್ಚಿಸಿದ್ದು ನನ್ನ ತಾಯಿಯಿಂದ ಗೊತ್ತಾಯಿತು.

ಕಾರ್ಯಕ್ರಮದ ಬೆಳಿಗ್ಗೆ ವೇದಿಕೆಯ ಹಿಂದಿನ ಬ್ಯಾನರ್ ನೋಡಿದೆ. ಅದರ ಮೇಲೆ ಮಾಲಕರ ಫೋಟೋ ಇತ್ತು.

ಕೇಳಿದಾಗ ವಿಭಾಗದ ಮುಖ್ಯಸ್ಥರು ತಪ್ಪಿಸಿಕೊಳ್ಳಲಿಲ್ಲ. ತಮಗೆ ಒಂದು ಸಣ್ಣ ತೊಡಕು ಎದುರಾಗಿತ್ತು, ಅದನ್ನು ಬಿಡಿಸಿದೆವು ಎಂಬ ಧಾಟಿಯಲ್ಲಿ ಹೇಳಿದರು.

"ಮೇಡಮ್, ಗಂಡಸರಿಗಾದ್ರ ನಾವು ಫೇಟಾ ಸುತ್ತತೇವಿ. ಹೆಣ್ಮಕ್ಕಳಿಗಾದ್ರ ಉಡಿ ತುಂಬತೇವಿ. ನಮ್ಮ ಪದ್ಧತಿ ನಿಮಗ ಗೊತ್ತಲ್ರಿ."

"ಗೊತ್ತೈತ್ರಿ ಸರ್."

"ನಿಮ್ಮ ಮಾವಶಿಯವರಿಗೆ ಉಡಿ ತುಂಬಾಕ ಬರೂದಿಲ್ಲಂತ ನಮ್ಮ ಹೆಣ್ಮಕ್ಕಳ ಸ್ಟಾಫ್ ಅಂದ್ರು. ಯಜಮಾನ್ರು ಇಲ್ಲಲ್ರಿ ಅವರಿಗೆ. ನಾಳೆ ಯಾರರ ಏನರ ಅಂದ್ರ ಅವರಿಗೇ ಬ್ಯಾಸರ. ಹಿಂಗಾಗಿ ಮಾಲಕರನ್ನ ಕರದ್ವಿ. ಪ್ರೆಸ್ ಒಂದ ಅಲ್ರಿ?"

"ಹಂಗಾರ ಅವರಿಗೂ ಫೇಟಾ ಸುತ್ರಿ."

ಅವರು ನಕ್ಕುಬಿಟ್ಟರು. "ಏನ್ರೀ ಮೇಡಮ್! ಹೆಣ್ಮಗಳಿಗೆ ಫೇಟಾ? ಮಂದಿ ನಗತಾರ."

ಕಂಪ್ಯೂಟರ್ ಲ್ಯಾಬಿಗೆ ಲಕ್ಷಗಟ್ಟಲೆ ಹಣ ತರುವ ಜನ ಇವರು. ತಲೆಗೆ ಸುತ್ತುವ ಫೇಟಾ, ಮಡಿಲಿಗೆ ಹಾಕುವ ಉಡಿಯ ಕುಬಸ, ಈ ಎರಡು ಅರಿವೆ ತುಂಡುಗಳ ನಡುವೆ ಮೂರನೆಯದೊಂದು ದಾರಿ ಅವರಿಗೆ ಹೊಳೆಯಲಿಲ್ಲ. ಶಾಲು ಇತ್ತು, ಹೂವಿನ ಹಾರ ಇತ್ತು, ಬರಿಯ ಎರಡು ಮಾತು ಇದ್ದವು. ಹೆಣ್ಣಿಗೆ ಉಡಿ, ಉಡಿ ಇಲ್ಲದಿದ್ದರೆ ಹೆಣ್ಣೇ ಇಲ್ಲ.

ಅಷ್ಟರಲ್ಲಿ ಮಾವಶಿ ನಿಪ್ಪಾಣಿ ಬಸ್ಸಿನಿಂದ ಇಳಿದು ಬಂದಳು. ಬ್ಯಾನರ್ ನೋಡಿದಳು, ನನ್ನ ಮುಖ ನೋಡಿದಳು. ನಾನು ಕಾರಣ ಹೇಳಿದೆ.

"ಇಷ್ಟ ಏನ? ನಾ ಏನೋ ಚಾ ಇಲ್ಲ ಅಂತೀ ಅಂದ್ಕೊಂಡೆ," ಅಂದು ಮೂರನೆಯ ಸಾಲಿನಲ್ಲಿ ಕೂತಳು. ಅವಳು ನಕ್ಕಿದ್ದಕ್ಕೂ ನನಗೆ ಸಿಟ್ಟು ಬಂತು.

ಮಾಲಕರಿಗೆ ಕೇಸರಿ ಫೇಟಾ ಸುತ್ತಿದರು. ಚಪ್ಪಾಳೆ ಆಯಿತು. ನನ್ನ ಸರದಿ ಬಂತು. ಕಟ್ಟಿ ಮುಗಿಯದ ಯಂತ್ರವೊಂದಕ್ಕೆ ಲೆಕ್ಕದ ಹಂತಗಳನ್ನು ಮುಂಚೆಯೇ ಬರೆದಿಟ್ಟ ಹೆಣ್ಣುಮಗಳ ಬಗ್ಗೆ ಹೇಳಿದೆ. ಕೋಣೆ ತುಂಬುವಷ್ಟು ದೊಡ್ಡ ಯಂತ್ರಕ್ಕೆ ತಂತಿ ಜೋಡಿಸಿ ಲೆಕ್ಕ ಮಾಡಲು ಕಲಿಸಿದ ಹೆಂಗಸರ ಬಗ್ಗೆ, ಆ ಯಂತ್ರವನ್ನು ಲೋಕಕ್ಕೆ ತೋರಿಸಿದ ದಿನದ ಔತಣಕ್ಕೆ ಅವರನ್ನು ಕರೆಯದೆ ಬಿಟ್ಟ ಬಗ್ಗೆ ಹೇಳಿದೆ. ಅಲ್ಲಿಗೆ ನನ್ನ ಹಾಳೆ ಮುಗಿದಿತ್ತು. ಮುಂದಿನದನ್ನು ಹಾಳೆ ಇಲ್ಲದೆ ಹೇಳಿದೆ: ಇಂದು ಸತ್ಕಾರವಾದ ಕೀಬೋರ್ಡನ್ನು ಮಾಡಿದವರು ವೇದಿಕೆಯ ಮೇಲಿಲ್ಲ, ಮೂರನೆಯ ಸಾಲಿನಲ್ಲಿದ್ದಾರೆ.

ಸಭಾಂಗಣ ತಿರುಗಿ ನೋಡಿತು. ಮೊದಲು ಎದ್ದವರು ಮಾಲಕರು. ಕೆಟ್ಟ ಮನುಷ್ಯರಲ್ಲ ಅವರು, ಅದೇ ತೊಂದರೆ. "ಬರ್ರಿ ಬಾಯಿ, ಬರ್ರಿ ಮ್ಯಾಲ. ಈ ಮಾನ ನಿಮ್ಮದೂ ಐತಿ," ಎಂದು ಮೈಕಿನಲ್ಲಿ ಕರೆದು, ತಮ್ಮ ತಲೆಯ ಫೇಟಾ ತೆಗೆದು ಮಾವಶಿಯ ತಲೆಯ ಮೇಲೆ ಇಟ್ಟರು. ಚಪ್ಪಾಳೆ ಈ ಸಲ ಮೊದಲಿಗಿಂತ ಜೋರಾಯಿತು. ಅದು ಯಾರಿಗೆ ಎಂದು ನನಗೆ ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಸಾಲಿನವರು ಒಬ್ಬರಿಗೊಬ್ಬರು ಹೇಳುತ್ತಿದ್ದರು: "ಮಾಲಕರ ಮನಸ್ಸ ನೋಡ್ರಿ, ಎಷ್ಟ ದೊಡ್ಡದು!"

ಫೇಟಾ ಮಾವಶಿಯ ಹುಬ್ಬಿನವರೆಗೆ ಇಳಿದಿತ್ತು. ಫೋಟೋ ಆಯಿತು, ವಂದನಾರ್ಪಣೆ ಆಯಿತು, ಜನ ಉಪ್ಪಿಟ್ಟಿನ ಕಡೆ ಎದ್ದರು. ಆಗ ಅವಳು ಎರಡೂ ಕೈಯಿಂದ ಅದನ್ನು ತೆಗೆದು ಮಾಲಕರಿಗೆ ಕೊಟ್ಟಳು.

"ತಗೋರಿ. ಇದು ನಿಮ್ಮ ತಲಿಗೆ ಸುತ್ತಿದ್ದು. ನನಗ ಕಣ್ಣ ಮ್ಯಾಲ ಬರತೈತಿ, ಎದುರಿಗಿಂದು ಕಾಣವಲ್ದು."

"ಇರಲಿ ಬಾಯಿ, ಇಟ್ಕೊರಿ, ನೆನಪಿಗೆ."

"ನೆನಪ ನನಗ ಐತ್ರಿ," ಅಂದಳು. ನಗಲಿಲ್ಲ. ಹಾಗೆಯೇ ವೇದಿಕೆ ಇಳಿದು ಹೋದಳು. ಬಸ್ ಸ್ಟ್ಯಾಂಡಿನವರೆಗೆ ನಾನು ಜೊತೆಗೆ ನಡೆದೆ. ಬಸ್ಸಿನ ಕಿಟಕಿಯಿಂದ ಅವಳು ಅಂದಳು: "ಇನ್ನೊಮ್ಮೆ ಯಾರರ ಕರದ್ರ, ಏನ ಕೊಡತೀರಿ ಅಂತ ಮೊದಲ ಕೇಳ. ಆಮ್ಯಾಲ ನನ್ನ ಕೇಳ."

ಮರುದಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಗಳು ನನಗೆ ಅಭಿನಂದನೆ ಹೇಳಿದರು. ಮುಖ್ಯಸ್ಥರು ಚಹಾ ಕಪ್ಪು ಎತ್ತಿ, "ಕಡೀಕ ನಿಮ್ಮ ಮಾವಶಿಗೂ ಫೇಟಾ ಸಿಕ್ಕತಲ್ರಿ ಮೇಡಮ್. ಇನ್ನೇನ ಬೇಕ್ರಿ?" ಅಂದರು.

"ಅದನ್ನ ಅವರು ವಾಪಸ್ ಕೊಟ್ಟಾರ್ರಿ," ಅಂದೆ.

"ಹೌದಾ? ಯಾವಾಗ?"

ಯಾರೂ ನೋಡಿರಲಿಲ್ಲ. ಆದ್ದರಿಂದ ನಾನು ಎಲ್ಲವನ್ನೂ ಮೊದಲಿನಿಂದ, ಊಟದ ಬಿಡುವಿನಲ್ಲಿ ಅವಳು ಕೂತ ಜಾಗದಿಂದ, ಒಂದೊಂದಾಗಿ ಹೇಳತೊಡಗಿದೆ. ಗಂಟೆ ಹೊಡೆಯಿತು. ಒಬ್ಬೊಬ್ಬರೇ ಹಾಜರಿ ಪುಸ್ತಕ ಹಿಡಿದು ಎದ್ದರು. ಬಾಗಿಲಿಗೆ ಅಡ್ಡವಾಗಿ ನಿಂತು ನಾನು ಮಾತು ಮುಂದುವರಿಸಿದೆ.