ಪರದೆಯ ಹಿಂದೆ ಭುವನಾ, ಬೆನ್ನ ಹಿಂದೆ ಮಗಳು

ಮೂಡಿಗೆರೆ ಬಸ್ ನಿಲ್ದಾಣದ ಹಿಂದಿನ ಹಳೇ ಕಾಫಿ ಗೋದಾಮಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಭುವನಾ ನೆಲ ಗುಡಿಸಿ, ಸೀಮೆಸುಣ್ಣದಲ್ಲಿ ಬಾಗಿಲು, ಕಿಟಕಿ, ಮಂಚಗಳ ಗೆರೆ ಎಳೆಯುತ್ತಿದ್ದಾರೆ. ಮಡಿಸಿಟ್ಟ ಪರದೆಯ ಮೇಲೆ ಐದು ವರ್ಷದ ಮಗಳು ಕವನಾ ಮಲಗಿದ್ದಾಳೆ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಬಸ್ ಕಂಡಕ್ಟರ್, ಹೋಟೆಲಿನ ಅಡುಗೆಯವರು, ಹೀಗೆ ನಟರೆಲ್ಲ ಕೆಲಸಕ್ಕೆ ಹೊರಡುವ ಮುನ್ನ ತಾಲೀಮು ಮುಗಿಯಬೇಕು.

"ದಯಾನಂದಣ್ಣ, ಬಾಗಿಲಿಂದ ಬನ್ನಿ. ಈಗ ಗೋಡೆ ಒಡ್ಕೊಂಡು ಬಂದ್ರಿ," ಎನ್ನುತ್ತಾರೆ ಭುವನಾ. ಕಂಡಕ್ಟರ್ ದಯಾನಂದ ನಗುತ್ತಾ ಗೆರೆಯಾಚೆ ಹೋಗಿ ಮತ್ತೆ ಬರುತ್ತಾರೆ. ಮಗು ಏಳದ ಹಾಗೆ ಎಲ್ಲರೂ ದನಿ ತಗ್ಗಿಸಿಯೇ ಮಾತು ಒಪ್ಪಿಸುತ್ತಾರೆ.

ಭುವನಾ ಈ ಹವ್ಯಾಸಿ ತಂಡದ ಸಹಾಯಕ ನಿರ್ದೇಶಕಿ. ನಿರ್ದೇಶಕ ಪ್ರಸನ್ನಕುಮಾರ್ ಚಿಕ್ಕಮಗಳೂರಿನಿಂದ ಬರುವುದು ಅಪರೂಪ. ಮಾತು ಕಲಿಸುವುದು, ಚಲನೆ ತಿದ್ದುವುದು, ಬಾರದವರ ಪಾತ್ರಕ್ಕೆ ತಾವೇ ನಿಲ್ಲುವುದು ಎಲ್ಲ ಇವರದೇ. ಕರಪತ್ರದಲ್ಲಿ ಇವರ ಹೆಸರು ಒಮ್ಮೊಮ್ಮೆ ಇರುತ್ತದೆ. ಹಗಲು ಬಟ್ಟೆ ಹೊಲಿಯುತ್ತಾರೆ. ಮನೆ ನಡೆಯುವುದು ಅದರಿಂದ.

ಪತಿ ಶಶಿಧರ್ ಇದೇ ತಂಡದ ಬೆಳಕಿನ ಕೆಲಸ ನೋಡಿಕೊಳ್ಳುತ್ತಿದ್ದರು. ಎರಡು ವರ್ಷದ ಹಿಂದೆ ಕಳಸದಲ್ಲಿ, ಮಳೆ ನಿಂತ ಮೇಲೆ ದೀಪ ಕಟ್ಟುವಾಗ ವಿದ್ಯುತ್ ತಗುಲಿ ರಂಗದ ಮೇಲೆಯೇ ತೀರಿಕೊಂಡರು. ಕೆಳಗೆ ಭುವನಾ ಮಗಳನ್ನು ಎತ್ತಿಕೊಂಡು ನಿಂತಿದ್ದರು.

"ನನ್ನ ಮಗನ್ನ ತಿಂದ ನಾಟಕಕ್ಕೆ ಮತ್ತೆ ಹೋಗೋದಾದ್ರೆ ಈ ಮನೆ ನಿಂಗೆ ಬೇಡ," ಎಂದರು ಆಲ್ದೂರಿನಲ್ಲಿರುವ ಅತ್ತೆ ವಿಶಾಲಾಕ್ಷಮ್ಮ. ಭುವನಾ ಮಗಳೊಂದಿಗೆ ಮೂಡಿಗೆರೆಯ ಒಂಟಿ ಕೋಣೆಗೆ ಬಂದರು.

"ಅವರ ಸಂಕಟ ಸುಳ್ಳಲ್ಲ. ಆದ್ರೆ ಇವ್ರು ಹೋದ್ಮೇಲೆ ನಂಗೆ ಉಸಿರಾಡೋಕೆ ಆಗಿದ್ದು ತಾಲೀಮಲ್ಲಿ ಮಾತ್ರ. ಅದನ್ನೂ ಬಿಟ್ಟು ಏನ್ಮಾಡ್ಲಿ?" ಎನ್ನುತ್ತಾರೆ ಭುವನಾ.

ಕಳೆದ ಜನವರಿಯಲ್ಲಿ ಕಳಸದ ಹತ್ತಿರದ ಸಂಸೆ ಊರಿನಲ್ಲಿ ಪ್ರದರ್ಶನವಿತ್ತು. ಕವನಾಳಿಗೆ ಜ್ವರ, ಬಿಟ್ಟುಬರಲು ಯಾರೂ ಇಲ್ಲದೆ ಕರೆದುಕೊಂಡೇ ಹೋಗಿದ್ದರು. ನಾಟಕದ ನಡುವೆ ದೀಪಗಳೆಲ್ಲ ಆರಿದವು. ಬೆಳಕಿನವರು ಜನರೇಟರ್ ಕಡೆ ಓಡಿದ್ದರು. ಭುವನಾ ಟಾರ್ಚ್ ಹಿಡಿದು, ಕಳಚಿಕೊಂಡಿದ್ದ ತಂತಿಯತ್ತ ಕೈಚಾಚಿದರು. ಪರದೆಯ ಹಿಂದಿನಿಂದ ಮಗಳು ಚೀರಿದಳು.

"ಅಮ್ಮಾ, ಮುಟ್ಬೇಡ! ಮುಟ್ಬೇಡ!"

ಕತ್ತಲಲ್ಲಿ ಕೂತಿದ್ದ ಜನ ಅದನ್ನೂ ನಾಟಕವೆಂದುಕೊಂಡು ಚಪ್ಪಾಳೆ ತಟ್ಟಿದರು.

ಭುವನಾ ಕೈ ಹಿಂತೆಗೆದರು. ಮಗಳನ್ನು ಸೊಂಟಕ್ಕೇರಿಸಿಕೊಂಡು ಸಭೆಯ ಮುಂದೆ ಬಂದು, ನಾಟಕ ಇಲ್ಲಿಗೇ ನಿಲ್ಲುತ್ತದೆ ಎಂದರು. ಮುಂದಿನ ಸಾಲಿನಲ್ಲಿದ್ದ ಪ್ರಸನ್ನಕುಮಾರ್ ಸಿಡುಕಿದರು: "ಸ್ವಲ್ಪ ತಡೀಬಾರ್ದಿತ್ತಾ ಮಾರಾಯ್ತಿ? ತಂಡದ ಮರ್ಯಾದೆ ಹೋಯ್ತು." ವಿದ್ಯುತ್ ಕೆಲಸ ಗೊತ್ತಿದ್ದವರು ಬಂದು ತಂತಿಗಳನ್ನೆಲ್ಲ ನೋಡದೆ ಇನ್ನು ಪ್ರದರ್ಶನವಿಲ್ಲ, ಇದಕ್ಕೆ ಒಪ್ಪದಿದ್ದರೆ ನಾನೂ ಇಲ್ಲ ಎಂದು ಭುವನಾ ಹಟ ಹಿಡಿದರು. ತಂಡ ಒಪ್ಪಿತು. ನಿರ್ದೇಶಕರು ಮಾತ್ರ ಈಗಲೂ ಮುಖ ಕೊಟ್ಟು ಮಾತಾಡುವುದಿಲ್ಲ.

ಸುದ್ದಿ ಆಲ್ದೂರಿಗೂ ಮುಟ್ಟಿತು. "ಮಗೂನ ನಮಗೆ ಕೊಡು, ನೀನು ಏನಾದ್ರೂ ಮಾಡ್ಕೊ," ಎಂದು ವಿಶಾಲಾಕ್ಷಮ್ಮ ಹೇಳಿಕಳಿಸಿದ್ದಾರೆ. ಭುವನಾ ಕೊಟ್ಟಿಲ್ಲ. ಆದರೆ ಮಗಳು ತಮ್ಮ ಮಣಿಕಟ್ಟನ್ನು ಹಿಡಿದುಕೊಂಡೇ ನಿದ್ದೆ ಹೋಗುವಾಗ, ಅತ್ತೆ ಹೇಳುವುದೇ ಸರಿಯಿರಬಹುದೇ ಎಂದು ಅನ್ನಿಸದ ದಿನವಿಲ್ಲ.

ತಾಲೀಮು ಮುಗಿಯುವ ಹೊತ್ತಿಗೆ ಕವನಾ ಎದ್ದು ಕೂತಿದ್ದಾಳೆ. ನಟರತ್ತ ಕಣ್ಣು ಹಾಯಿಸುವುದಿಲ್ಲ. ಅಮ್ಮನ ಕೈಗಳನ್ನೇ ನೋಡುತ್ತಾಳೆ. ಪ್ರದರ್ಶನದಲ್ಲೂ ಅಷ್ಟೇ, ಅಮ್ಮ ಕಾಣುವ ಮೂಲೆ ಬಿಟ್ಟು ಕದಲುವುದಿಲ್ಲ.

ನಿಮ್ಮ ಆಸೆ ಏನು ಎಂದು ಕೇಳಿದರೆ ಭುವನಾ ಮಗಳ ಕೆದರಿದ ಕೂದಲು ಸರಿಮಾಡುತ್ತಾರೆ.

"ಇವ್ಳು ಒಂದ್ಸಲ ಜನರ ಮಧ್ಯೆ ಕೂತು ಪೂರ್ತಿ ನಾಟಕ ನೋಡ್ಬೇಕು, ನಾನೆಲ್ಲಿದೀನಿ ಅಂತ ಹುಡುಕ್ದೆ. ಆಮೇಲೆ ನಾಟಕ ಚೆನ್ನಾಗಿರ್ಲಿಲ್ಲ ಅಂದ್ರೂ ಪರವಾಗಿಲ್ಲ."