ಸೋಲಿಸಲೆಂದೇ ನಿಂತವಳು

ನನ್ನ ಸೋದರತ್ತೆಯ ಪಾದಗಳು ಅಗಲವಾಗಿದ್ದವು. ಹಿಮ್ಮಡಿಯ ಬಿರುಕುಗಳಲ್ಲಿ ಕೆರೆಯ ಕಪ್ಪು ಮಣ್ಣು ಸದಾ ಕೂತಿರುತ್ತಿತ್ತು. ವಿಧಾನಸಭೆ ಚುನಾವಣೆಗೆ ನಾಮಪತ್ರ ಕೊಡಲು ಹೊರಟ ದಿನ ಅಪ್ಪ ಅವಳಿಗೆ ಹೊಸ ಚಪ್ಪಲಿ ತಂದುಕೊಟ್ಟ. ಅತ್ತೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲೇ ಕಚೇರಿಯ ಮೆಟ್ಟಿಲು ಹತ್ತಿದಳು.

ಎಪ್ಪತ್ತರ ದಶಕದ ಆರಂಭ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ಸ್ವಲ್ಪ ನಡೆದರೆ ಅವಳ ಊರು. ಅಲ್ಲಿನ ಕೆರೆ ಏರಿಯ ಮೇಲೆ ಹೊಂಗೆ ಮತ್ತು ಹುಣಿಸೆ ಮರಗಳ ಸಾಲಿತ್ತು. ನಮ್ಮ ಕಡೆಯ ಶಾಸಕನ ಭಾವಮೈದ ಆಲೆಮನೆಗಳಿಗೆ ಸೌದೆ ಮಾರುವವನು. ಒಂದು ಬೇಸಿಗೆಯಲ್ಲಿ ಅವನು ಲಾರಿ ತಂದು ಆ ಮರಗಳನ್ನು ಕಡಿಸಿದ, ಬುಡವನ್ನೂ ಬಿಡದೆ ಅಗೆಸಿದ. ಅಡ್ಡ ನಿಂತದ್ದು ಮಾವ ಒಬ್ಬನೇ. ಆಳುಗಳು ಅವನನ್ನು ಹೊಡೆದು ಏರಿಯಿಂದ ಕೆಳಕ್ಕೆ ತಳ್ಳಿದರು. ಸೊಂಟ ಮುರಿದು ಮಲಗಿದ ಮಾವ ಮತ್ತೆ ಏಳಲಿಲ್ಲ. ಜಾರಿ ಬಿದ್ದ ಎಂದು ಕೇಸು ಮುಗಿಯಿತು. ಮುಂದಿನ ಮಳೆಗೆ, ಬೇರಿನ ಹಿಡಿತ ತಪ್ಪಿದ ಏರಿ ಒಡೆದು ಕೆರೆ ಬರಿದಾಯಿತು, ಗದ್ದೆಗಳ ಮೇಲೆ ಮರಳು ಹರಡಿತು. ಅದಾದ ಕೆಲವೇ ದಿನಕ್ಕೆ ಮಾವ ತೀರಿಕೊಂಡ.

ಶಾಸಕ ಮಾತಾಡಿಸಿ ಹೋಗಲು ಬಂದ. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ, "ಮರ ಓದ್ರೆ ಇನ್ನೊಂದು ನೆಟ್ಟರಾಯ್ತು ಕಣಮ್ಮ, ಯಾಕಿಷ್ಟು ಗಲಾಟೆ?" ಅಂದ.

ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು. "ಅಂಗೇ ನನ್ ಗಂಡನ್ನೂ ಇನ್ನೊಂದು ನೆಟ್ಕೊಳ್ಳಾ?" ಎಂದು ಕೇಳಿದಳು.

ಅವನು ಲೋಟ ಕೆಳಗಿಟ್ಟು ಎದ್ದುಹೋದ. ಅತ್ತೆ ಆ ಲೋಟವನ್ನು ತೊಳೆಯಲಿಲ್ಲ, ತಿಪ್ಪೆಗೆ ಎಸೆದಳು.

ಆಗ ನಾನು ಮಂಡ್ಯದ ಒಂದು ಶಾಲೆಯಲ್ಲಿ ಟೀಚರ್. ಮುಂದಿನ ಚುನಾವಣೆಗೆ ಅತ್ತೆ ಅವನ ಎದುರು ಪಕ್ಷೇತರಳಾಗಿ ನಿಂತಾಗ, ರಜೆ ಸಿಕ್ಕಾಗಲೆಲ್ಲ ಹೋಗಿ ಅವಳ ಪ್ರಚಾರ ನೋಡುತ್ತಿದ್ದೆ. ಮೈಕಿಲ್ಲ, ಜೀಪಿಲ್ಲ. ಮಡಿಲಲ್ಲಿ ಹೊಂಗೆ ಬೀಜ ತುಂಬಿಕೊಂಡು ಬಸ್ಸು ಹತ್ತುವಳು. ಕೆರೆ ಇರುವ ಊರಿನಲ್ಲಿ ಇಳಿದು, ಏರಿಯ ಮೇಲೆ ನಿಂತು ಹೆಂಗಸರನ್ನು ಕೂಗುವಳು. ಅವರ ಕೈಗೆ ಬೀಜ ಹಾಕಿ, ಕೆರೆಗೆ ಮರ ಯಾಕೆ ಬೇಕು, ನಮ್ಮೂರ ಕೆರೆಗೆ ಏನಾಯಿತು ಎಂದು ಹೇಳುವಳು. ಕೊನೆಗೆ ಹೇಳುತ್ತಿದ್ದ ಮಾತು ಎಲ್ಲ ಕಡೆಯೂ ಒಂದೇ: "ನನ್ಗೆ ಓಟು ಕೇಳಾಕೆ ಬಂದಿಲ್ಲ ಕಣ್ರವ್ವ. ಅವನ್ಗೆ ಆಕ್ಬೇಡಿ ಅಂತ ಯೋಳಾಕೆ ಬಂದಿವ್ನಿ."

ಶಾಸಕನ ಕಡೆಯವನೊಬ್ಬ ರಾಜಿಗೆ ಬಂದ. ಅತ್ತೆ ಅವನಿಗೆ ಮುದ್ದೆ, ಉಪ್ಪೆಸರು ಬಡಿಸಿದಳು. ಏರಿ ಕಟ್ಟಿಸಿಕೊಡುತ್ತಾರೆ, ಹೆಸರು ವಾಪಸ್ಸು ತಗೊಳ್ಳಿ ಎಂದ. ಅವನು ಕೈ ತೊಳೆದ ಮೇಲೆ ಅತ್ತೆ ಹೇಳಿದಳು: "ಓಗಿ ಯೋಳಪ್ಪ. ನಾನು ಗೆಲ್ಲಾಕೆ ನಿಂತಿಲ್ಲ, ಅವನ್ನ ಬೀಳಿಸಾಕೆ ನಿಂತಿವ್ನಿ."

ಅವಳ ಠೇವಣಿ ಹೋಯಿತು. ಆದರೆ ಶಾಸಕ ಸೋತ ಅಂತರಕ್ಕಿಂತ ಅವಳಿಗೆ ಬಿದ್ದ ಮತಗಳೇ ಹೆಚ್ಚು. ಸುದ್ದಿ ಬಂದ ದಿನ ಅತ್ತೆ ಕಡಲೆಬೇಳೆ ಪಾಯಸ ಮಾಡಿ ಬೀದಿಗೆಲ್ಲ ಹಂಚಿದಳು. ಮಾವ ಹೋದ ಮೇಲೆ ಅವಳ ಒಲೆಯ ಮೇಲೆ ಸಿಹಿ ಬೆಂದದ್ದು ಅದೇ ಮೊದಲು.

ಗೆದ್ದವನು ಅವಳಿಗೆ ಹೆದರಿಯೋ ಏನೋ, ಒಡೆದ ಏರಿಯನ್ನು ಕಟ್ಟಿಸಿದ. ಅತ್ತೆ ಮಂಡ್ಯದ ಕೃಷಿ ಕೇಂದ್ರ ವಿ.ಸಿ. ಫಾರಂನಿಂದ ಸಸಿ ತರಿಸಿ, ಊರವರನ್ನು ಬೈದು ಕರೆದುಕೊಂಡು ಹೋಗಿ ನೆಡಿಸಿದಳು. ಬೇಲಿಗೆ ತಾನೇ ಮುಳ್ಳು ಹೊತ್ತಳು. ಗಿಡಗಳು ಆಳೆತ್ತರ ಬೆಳೆದವು. ಇನ್ನು ಸಿಟ್ಟು ಇಳಿದೀತು ಎಂದುಕೊಂಡೆ. ಇಳಿಯಲಿಲ್ಲ.

ದಶಕದ ಕೊನೆಯ ಹೊತ್ತಿಗೆ ಇನ್ನೊಂದು ಚುನಾವಣೆ ಬಂತು, ಹಳೆಯ ಶಾಸಕ ಮತ್ತೆ ನಿಂತ. ಈ ಸಲ ಅವನು ಗೆಲ್ಲುವುದು ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದರು. ಅತ್ತೆಗೆ ಆಗಲೇ ಹೊಟ್ಟೆಯಲ್ಲಿ ಗಡ್ಡೆ. ಮಂಡ್ಯದ ಡಾಕ್ಟರು ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು. ನಮ್ಮ ಮನೆಯಲ್ಲಿ ಗಂಜಿ ಕುಡಿಯುತ್ತಾ ಒಂದು ಮಧ್ಯಾಹ್ನ ಕೇಳಿದಳು:

"ನೀನು ಎಲೆಕ್ಸನ್ ಡ್ಯೂಟಿ ಮಾಡಿದ್ದೀಯಲ್ಲವ್ವ. ಓಟಿಗೆ ಮುಂಚೆ ನಿಂತೋರು ಸತ್ತೋದ್ರೆ ಏನಾಯ್ತದೆ?"

ಆ ಕ್ಷೇತ್ರದ ಮತದಾನ ನಿಲ್ಲುತ್ತದೆ, ಮತ್ತೆ ಬೇರೆ ದಿನ ನಡೆಸಬೇಕು ಎಂದೆ.

"ಪಕ್ಷ ಇಲ್ದೋರು ಸತ್ರೂವೆ?"

"ಯಾರು ಸತ್ರೂ ಅಷ್ಟೇ ಅತ್ತೆ." ಆಗ ಕಾನೂನು ಹಾಗಿತ್ತು.

ಅವಳು ಗಂಜಿಯನ್ನು ಪೂರ್ತಿ ಕುಡಿದಳು. ಎಷ್ಟೋ ವಾರದಿಂದ ಅಷ್ಟು ಕುಡಿದಿರಲಿಲ್ಲ.

ಅಪ್ಪ ಬೇಡವೆಂದು ಅತ್ತ. ನಾನು ಗಾಡಿ ಗೊತ್ತು ಮಾಡಿದೆ. ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಹೋಗಿ ನಾಮಪತ್ರ ಕೊಡಿಸಿದೆವು. ಹಿಂತೆಗೆದುಕೊಳ್ಳುವ ದಿನ ಕಳೆಯಿತು. ಪ್ರತಿ ಬೆಳಿಗ್ಗೆ ಅವಳು, ಲಾರಿಗಳಲ್ಲಿ ಅವನ ಕಡೆಯವರು ಇನ್ನೂ ಓಡಾಡುತ್ತಿದ್ದಾರೆಯೇ ಎಂದು ವಿಚಾರಿಸುವಳು. ಹೌದೆಂದರೆ, "ಓಡಾಡ್ಲಿ ಬುಡು" ಎನ್ನುವಳು. ಮತದಾನಕ್ಕೆ ಒಂದು ವಾರವಿದೆ ಎನ್ನುವಾಗ ಪ್ರಾಣ ಬಿಟ್ಟಳು.

ಮತದಾನ ಮುಂದಕ್ಕೆ ಹೋಯಿತೆಂಬ ಸುದ್ದಿಯ ಬೆನ್ನಿಗೇ ಹಳೆಯ ಶಾಸಕ ಹಾರ ಹಿಡಿದು ಬಂದ. ಮುಖ ಬಾಡಿತ್ತು. ಹೆಣದ ಮೇಲೆ ಹಾರ ಇಟ್ಟು, ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇನ್ನೊಂದು ವಾರ ಜೀವ ಇಟ್ಕೊಂಡಿದ್ರೆ ಆಯ್ತಿತ್ತಲ್ಲವ್ವ" ಅಂದ.

"ನಿಮ್ಗೋಸ್ಕರವೇ ಇಷ್ಟು ದಿನ ಇಟ್ಕೊಂಡಿದ್ರು" ಎಂದೆ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಮುಖವನ್ನು ನಾನು ಕಣ್ತುಂಬ ನೋಡಿದೆ.

ಮತ್ತೆ ಮತದಾನ ನಡೆಯುವಷ್ಟರಲ್ಲಿ ಅವನ ಕೈಯ ದುಡ್ಡು ಕರಗಿ, ಜನ ಚದುರಿದ್ದರು. ಸೋತ. ಮುಂದೆಂದೂ ನಿಲ್ಲಲಿಲ್ಲ.

ಕ್ಷಮೆ ದೊಡ್ಡ ಗುಣ ಎಂದು ನಾನು ನಿವೃತ್ತಿಯಾಗುವವರೆಗೂ ಮಕ್ಕಳಿಗೆ ಪಾಠ ಮಾಡಿದೆ. ಒಂದು ದಿನವೂ ಅದನ್ನು ನಂಬಿ ಹೇಳಲಿಲ್ಲ. ಆ ಮಟ್ಟಿಗೆ ನಾನು ಅತ್ತೆಗೆ ಋಣಿ.